ಮೆಟ್ಟಿಲ ಕೆಳಗಿನ ಶೂನ್ಯ ಸ್ಥಾನ

ಫರ್ಹೀನ್‌ಳ ತಲೆ ಕೆಡಿಸುವ ಪ್ರಶ್ನೆ ಈ ಲೋಕದಲ್ಲಿ ಒಂದೇ ಒಂದು. ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ ಮೇಡಂ? ಕೇಳುವವರಿಗೇನು, ಕೇಳಿಬಿಡುತ್ತಾರೆ. ಇಂಟೀರಿಯರ್ ಡಿಸೈನರ್ ಎಂದು ಬೋರ್ಡು ಬರೆಸಿಕೊಂಡರೆ ಸಾಕು, ಮೊಬೈಲು ಹಿಡಿದ ಯಾರಾದರೂ ಬಂದು ರೀಲ್ಸ್ ಮಾಡುತ್ತೇನೆಂದು ನಿಲ್ಲಿಸಿಕೊಂಡು ಇದನ್ನೇ ಕೇಳುತ್ತಾರೆ. ಆಗ ಫರ್ಹೀನ್ ದುಪಟ್ಟಾ ಸರಿಮಾಡಿಕೊಂಡು, ಭದ್ರಾ ಹೊಳೆಯನ್ನೇ ನೋಡುತ್ತಿರುವವಳ ಹಾಗೆ ಕಣ್ಣು ಕಿರಿದು ಮಾಡಿ, "ಪ್ರಕೃತಿ" ಎನ್ನುತ್ತಾಳೆ. ಭದ್ರಾವತಿಯ ಜನ್ನಾಪುರದಲ್ಲಿರುವ ಅವಳ ಆಫೀಸಿನ ಎದುರಿಗಿರುವುದು ಹೊಳೆಯಲ್ಲ, ಬೇಕರಿ. ರೀಲ್ಸಿನಲ್ಲಿ ಅದು ಕಾಣುವುದಿಲ್ಲ.

ಪ್ರಕೃತಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಫರ್ಹೀನ್‌ಳ ಸ್ಫೂರ್ತಿಯೆಲ್ಲ ಬಂದದ್ದು ಕರೆಯದೆ ಹೋದ ಗೃಹಪ್ರವೇಶಗಳಿಂದ.

ಅದು ಶುರುವಾದದ್ದು ಒಂದು ತಪ್ಪಿನಿಂದ. ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಅಡುಗೆಮನೆ ಶೋರೂಮೊಂದರಲ್ಲಿ ಟೇಪು ಹಿಡಿದು ಅಳತೆ ತೆಗೆಯುವ ಕೆಲಸಕ್ಕಿದ್ದಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಶೀಲಾ ವಿನೋಬನಗರದಲ್ಲಿ ತನ್ನ ಅಣ್ಣ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕರೆದಳು. ಒಳ್ಳೆಯ ಮುಹೂರ್ತವೆಂದರೆ ಊರಿಗೆಲ್ಲ ಒಂದೇ ದಿನ ತಾನೆ, ಅದೇ ಬೀದಿಯಲ್ಲಿ ಇನ್ನೊಂದು ಮನೆಗೂ ಬಾಳೆಕಂದು ಕಟ್ಟಿತ್ತು. ಫರ್ಹೀನ್ ಮೊದಲು ಕಂಡ ಬಾಳೆಕಂದಿನ ಕೆಳಗೇ ನುಗ್ಗಿದಳು. ಉಡುಗೊರೆಯ ಗೋಡೆ ಗಡಿಯಾರ ಕೊಟ್ಟಳು, ಮನೆಯೆಲ್ಲ ನೋಡಿದಳು, ಹೋಳಿಗೆ ಊಟ ಮಾಡಿ ಎಲೆಅಡಿಕೆ ಹಿಡಿದು ಹೊರಗೆ ಬಂದರೆ ಎದುರುಗಡೆ ಗೇಟಿನಲ್ಲಿ ಶೀಲಾ ಅವಳಿಗಾಗಿ ಕಾಯುತ್ತಾ ನಿಂತಿದ್ದಳು. ಅಲ್ಲಿಯೂ ಊಟ ಮಾಡಬೇಕಾಯಿತು.

ಆದರೆ ಆ ತಪ್ಪು ಮನೆಯಲ್ಲಿ ಅವಳಿಗೆ ಹೋಳಿಗೆಗಿಂತ ದೊಡ್ಡದೊಂದು ಸಿಕ್ಕಿತ್ತು. ನಮ್ಮ ಕಡೆಯ ಜನ ಗೃಹಪ್ರವೇಶಕ್ಕೆ ಹೋದರೆ ಪೂಜೆಯನ್ನು ಬೇಕಾದರೆ ತಪ್ಪಿಸಿಕೊಂಡಾರು, ಮನೆ ನೋಡುವುದನ್ನು ಮಾತ್ರ ಬಿಡುವುದಿಲ್ಲ. ಬೀರು ತೆಗೆಯುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಮಂಚದ ಕೆಳಗೆ ಬಗ್ಗುತ್ತಾರೆ. ಹಾಲಿನಲ್ಲಿ ಮನೆಯವರ ಎದುರು ಎಲ್ಲವೂ ಬಹಳ ಚೆನ್ನಾಗಿದೆ. ಅಡುಗೆಮನೆಯಲ್ಲಿ ಒಂದು ಗಳಿಗೆ ಮೌನ. ನಿಜ ಹೊರಬೀಳುವುದು ಮಹಡಿ ಹತ್ತುವಾಗ, ಯಾಕೆಂದರೆ ಮೆಟ್ಟಿಲು ಹತ್ತುತ್ತಾ ಸುಳ್ಳು ಹೇಳುವುದಕ್ಕೆ ಉಸಿರು ಸಾಲುವುದಿಲ್ಲ. ಆ ದಿನ ಅವಳ ಮುಂದೆ ಏದುಸಿರು ಬಿಡುತ್ತಾ ಹತ್ತುತ್ತಿದ್ದ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದರು, "ಗೋಡೆಗೆಲ್ಲ ಗಾಜು ಹಾಕ್ಸಿದಾನಲ್ಲ, ಇವನ ಹೆಂಡ್ತಿ ನೈಟೀಲಿ ಓಡಾಡೋದು ಬೇಡ್ವಂತಾ?" ಶೋರೂಮಿನ ಪುಸ್ತಕಗಳಲ್ಲಿ ಗಾಜಿನ ಗುಣಗಾನ ಪುಟಗಟ್ಟಲೆ ಇತ್ತು. ನೈಟಿಯ ವಿಷಯ ಒಂದು ಸಾಲೂ ಇರಲಿಲ್ಲ.

ಅಲ್ಲಿಂದ ಅವಳಿಗೆ ಚಟ ಹತ್ತಿತು. ಮುಹೂರ್ತದ ದಿನ ಬಂತೆಂದರೆ ಗಾಂಧಿ ಬಜಾರಿನಲ್ಲಿ ಕೊಂಡಿಟ್ಟ ಗಡಿಯಾರಗಳಲ್ಲಿ ಒಂದಕ್ಕೆ ಬಣ್ಣದ ಕಾಗದ ಸುತ್ತಿಕೊಂಡು ಹೊರಟೇಬಿಡುತ್ತಿದ್ದಳು. ಗಂಡನ ಕಡೆಯವರು ಅವಳನ್ನು ಹೆಂಡತಿಯ ಆಫೀಸಿನವಳೆಂದುಕೊಳ್ಳುತ್ತಿದ್ದರು, ಹೆಂಡತಿಯ ಕಡೆಯವರು ಗಂಡನ ಆಫೀಸಿನವಳೆಂದುಕೊಳ್ಳುತ್ತಿದ್ದರು. ಯಾರಾದರೂ ಗುರುತು ಹಿಡಿದರಂತೂ ಇನ್ನೂ ಸಲೀಸು. ಅವಳ ಅಪ್ಪ ರಸೂಲ್ ಸಾಬ್ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಪ್ರೈವೇಟ್ ಬಸ್ಸು ಓಡಿಸಿ ನಿವೃತ್ತರಾದವರು. ಅರ್ಧ ಜಿಲ್ಲೆ ಅವರ ಬೆನ್ನು ನೋಡುತ್ತಲೇ ಕಾಲೇಜು ಮುಗಿಸಿದೆ. ಸಾಬ್ರ ಮಗಳಾ ನೀನು, ಊಟ ಮಾಡದೆ ಹೋಗ್ಬೇಡಮ್ಮ ಎಂದು ಅವರೇ ಎಲೆಯ ಮುಂದೆ ಕೂರಿಸುತ್ತಿದ್ದರು. ಮನೆಯಲ್ಲಿ ಅಮ್ಮ ಅಖ್ತರ್ ಬೀ ಮಾತ್ರ, ತನ್ನ ಮಗಳನ್ನು ಕರೆಯದೆ ಈ ಎರಡೂರಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲವೆಂದು ನೆರೆಹೊರೆಯವರ ಎದುರು ಬೀಗುತ್ತಿದ್ದರು.

ಹೀಗೆ ಕದ್ದು ಕೇಳಿದ್ದೇ ಅವಳ ಬಂಡವಾಳ. ಸಿಂಕು ತಗ್ಗಾದರೆ ಸೊಂಟ ಹಿಡಿಯುತ್ತದೆಂಬುದು ಒಂದು ಮನೆಯ ಮೆಟ್ಟಿಲಲ್ಲಿ ಸಿಕ್ಕಿತು. ಒದ್ದೆ ಕೊಡೆ ಇಡುವುದಕ್ಕೆ ಕೋಟಿಯ ಮನೆಯಲ್ಲೂ ಜಾಗವಿರುವುದಿಲ್ಲವೆಂಬುದು ಇನ್ನೊಂದರಲ್ಲಿ. ಸ್ವಂತಕ್ಕೆ ಬೋರ್ಡು ಹಾಕಿಕೊಂಡಮೇಲೆ ಇದನ್ನೆಲ್ಲ ಅವಳು ಗಿರಾಕಿಗಳ ಮುಂದೆ ಗಂಭೀರವಾಗಿ ಹೇಳುತ್ತಿದ್ದಳು, ಅವರು ಎಷ್ಟು ಓದಿದ್ದಾಳೆ ಎಂದು ತಲೆದೂಗುತ್ತಿದ್ದರು. ಇಷ್ಟಾದರೂ ಬರುತ್ತಿದ್ದದ್ದು ತುಂಡು ಕೆಲಸವೇ. ಒಬ್ಬರಿಗೆ ಟಿವಿ ಗೋಡೆ, ಇನ್ನೊಬ್ಬರಿಗೆ ದೇವರ ಮನೆಯ ಬಾಗಿಲು. ಇಡೀ ಮನೆಯೊಂದನ್ನು ಒಳಗಿನಿಂದ ತಾನೇ ಮಾಡಬೇಕೆಂಬ ಆಸೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ವಯಸ್ಸು ಮೂವತ್ತು ದಾಟಿತ್ತು.

ಆಗ ಸಿಕ್ಕವರು ಸಿದ್ದಯ್ಯನವರು. ಹೊಳೆಹೊನ್ನೂರಿನ ಕಡೆಯ ಜಮೀನ್ದಾರರ ಮನೆತನ, ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತಿ. ಶಿವಮೊಗ್ಗದಲ್ಲಿ ಬಾಡಿಗೆಗಿದ್ದುಕೊಂಡು ತ್ಯಾವರೆಕೊಪ್ಪದ ರಸ್ತೆಯ ಹೊಸ ಬಡಾವಣೆಯಲ್ಲಿ ಮಹಡಿ ಮನೆ ಕಟ್ಟಿಸುತ್ತಿದ್ದರು. ಬೆಳಗಿನ ಜಾವ ತ್ಯಾವರೆಕೊಪ್ಪ ಸಫಾರಿಯ ಸಿಂಹ ಗರ್ಜಿಸುವುದು ತಮ್ಮ ಮನೆಗೆ ಕೇಳಿಸುತ್ತದೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಪಕ್ಕದ ಸೈಟಿನ ನಾಯಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರಿಗೂ ಎಲ್ಲರ ಹಾಗೆ ಮೊದಲು ಬೇಕಾದದ್ದು ಸ್ಫೂರ್ತಿಯ ವಿವರ. ಫರ್ಹೀನ್ ಪ್ರಕೃತಿ ಎಂದಳು. ಕಾಫಿ ಲೋಟ ಹಿಡಿದು ಬಂದ ಅವರ ಹೆಂಡತಿ ಸಾವಿತ್ರಮ್ಮನಿಗೆ ಯಾಕೋ ಕೆಮ್ಮು ಬಂತು. ಸಿದ್ದಯ್ಯನವರಿಗೆ ಉತ್ತರ ಒಪ್ಪಿಗೆಯಾಗಿ ಇಡೀ ಮನೆಯ ಒಳಗೆಲಸ ಅವಳಿಗೇ ಎಂದರು. ಸಂತೋಷದಲ್ಲಿ ಫರ್ಹೀನ್‌ಗೆ ಕಾಫಿಯ ಬಿಸಿಯೂ ತಿಳಿಯಲಿಲ್ಲ.

ಲೋಟ ಕೊಡಲು ಆ ಬಾಡಿಗೆ ಮನೆಯ ಅಡುಗೆಮನೆಗೆ ಹೋದಾಗ ಸಾವಿತ್ರಮ್ಮ ಬಾಗಿಲು ಸ್ವಲ್ಪ ಮುಂದೆ ಮಾಡಿದರು. ನೋಡುವುದಕ್ಕೆ ಸಾಧು ಹೆಂಗಸು, ದನಿಯೂ ಮೆಲ್ಲಗೆ.

"ಗೋಪಾಳದ ಮನೆ ಒಕ್ಕಲಲ್ಲಿ ಬೀರು ತೆಗ್ದು ಒಳಗೆ ತಲೆ ಹಾಕಿದ್ದೋಳು ನೀನೇ ಅಲ್ವಾ? ವಿನೋಬನಗರದಲ್ಲೂ ಇದ್ದೆ. ಯಾರ ಕಡೆಯೋಳೇ ಮಾರಾಯ್ತಿ ನೀನು?"

ಫರ್ಹೀನ್ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಸಾವಿತ್ರಮ್ಮನಿಗೆ ನೆಂಟರ ಬಳಗ ದೊಡ್ಡದು, ಎಲ್ಲ ಗೃಹಪ್ರವೇಶಕ್ಕೂ ಅವರು ಕರೆಸಿಕೊಂಡೇ ಹೋಗುವವರು. ಈ ಸುದ್ದಿ ಒಂದು ಮನೆಯಿಂದ ಹೊರಬಿದ್ದರೆ ಸಂಜೆಯೊಳಗೆ ಭದ್ರಾವತಿ ಮುಟ್ಟುತ್ತದೆ. ಕರೆಯದೆ ನುಗ್ಗಿ ಬೀರು ತೆಗೆಯುವವಳ ಕೈಗೆ ಮನೆಯ ಕೀಲಿ ಯಾರು ಕೊಡುತ್ತಾರೆ? ಗಳಿಗೆಯ ಹಿಂದೆ ಸಿಕ್ಕ ಮನೆ ಇನ್ನೊಂದು ಗಳಿಗೆಯಲ್ಲಿ ಹೋಗುವಂತೆ ಕಂಡಿತು. ಅವಳು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡಳು. ಮೆಟ್ಟಿಲಿನ ವಿಷಯವನ್ನೂ ಹೇಳಿದಳು.

ಸಾವಿತ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟೊಂದನ್ನು ತೋರಿಸಿದರು. ಅದು ಅವರ ಆಸನ. ಯಜಮಾನರು ನಿವೃತ್ತರಾದ ಮೇಲೆ ದಿನವಿಡೀ ಮನೆಯಲ್ಲಿರುತ್ತಾರೆ, ಸ್ಕೂಲಿನಲ್ಲಿ ಜವಾನನನ್ನು ಕರೆದ ಹಾಗೆ ಸಾವಿತ್ರೀ, ಸಾವಿತ್ರೀ ಎಂದು ಕರೆಯುತ್ತಲೇ ಇರುತ್ತಾರೆ. ಕನ್ನಡಕ ಎಲ್ಲಿ, ಪೇಪರು ಎಲ್ಲಿ, ಯಾಕೆ ಸುಮ್ಮನೆ ಕೂತೆ. ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರೂ ಯಾಕೆಂದು ಕೇಳದ ಬಾಗಿಲು ಬಚ್ಚಲಿನದೊಂದೇ. ಹಾಗಾಗಿ ನಲ್ಲಿ ಸಣ್ಣಗೆ ಬಿಟ್ಟುಕೊಂಡು ಆ ಬಕೆಟ್ಟಿನ ಮೇಲೆ ಕೂರುತ್ತಾರೆ. ಅಳುವುದಕ್ಕಲ್ಲ, ಓದುವುದಕ್ಕಲ್ಲ, ಬರೀ ಕೂರುವುದಕ್ಕೆ. ಹೆಂಡತಿಗೆ ಹೊಟ್ಟೆಯ ತೊಂದರೆಯಿದೆಯೆಂದು ನಂಬಿ ಸಿದ್ದಯ್ಯನವರು ದಿನಾ ಜೀರಿಗೆ ಕಷಾಯ ಕುಡಿಸುತ್ತಿದ್ದರು.

ಹೊಸ ಮನೆಯಲ್ಲಿ ತನಗೊಂದು ಜಾಗ ಬೇಕೆಂದು ಅವರು ಗಂಡನನ್ನು ಕೇಳದೆ ಇರಲಿಲ್ಲ. ಇಡೀ ಮನೆ ನಿಂದೇ ಅಲ್ವಾ ಎಂದರಂತೆ ಸಿದ್ದಯ್ಯ. ಅದಾದ ಮೇಲೆ ಹೇಳುವುದಕ್ಕೇನು ಉಳಿಯುತ್ತದೆ?

"ನಂಗೆ ಮೆಟ್ಲು ಕೆಳಗಿನ ಮೂಲೆ ಸಾಕು. ಒಳಗಡೆಯಿಂದ ಚಿಲಕ ಇರ್ಬೇಕು" ಎಂದರು ಸಾವಿತ್ರಮ್ಮ. "ಅವ್ರಿಗೆ ಗೊತ್ತಾಗಬಾರ್ದು. ಅಷ್ಟು ಮಾಡ್ಕೊಟ್ರೆ ನಾನು ನಿನ್ನ ಯಾವ ಒಕ್ಕಲಲ್ಲೂ ನೋಡಿಲ್ಲ."

ಬೆದರಿಕೆ ಅಂದರೆ ಬೆದರಿಕೆಯೇ. ಆದರೆ ಬಸ್ಸಿನಲ್ಲಿ ಜನ್ನಾಪುರಕ್ಕೆ ಮರಳುವಾಗ ಫರ್ಹೀನ್‌ಗೆ ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಇಷ್ಟು ಮೆಟ್ಟಿಲು ಹತ್ತಿಳಿದವಳಿಗೆ ಆ ಬಕೆಟ್ಟಿನ ಸುದ್ದಿ ಎಲ್ಲೂ ಕಿವಿಗೆ ಬಿದ್ದಿರಲಿಲ್ಲ. ಮೆಟ್ಟಿಲ ಮೇಲೂ ಹೆಂಗಸರು ಹೇಳದೆ ನುಂಗುವುದೊಂದು ಇರುತ್ತದೆಂದು ಅವಳಿಗೆ ಅವತ್ತು ಗೊತ್ತಾಯಿತು. ಆ ಜಾಗ ಮಾಡಿಯೇ ತೀರುತ್ತೇನೆಂದು ನಿಶ್ಚಯ ಮಾಡಿಕೊಂಡಳು.

ತೊಡಕೆಂದರೆ ಆ ಮೂಲೆಯ ಮೇಲೆ ಸಿದ್ದಯ್ಯನವರ ಕಣ್ಣಿತ್ತು. ಯುಪಿಎಸ್ ಬ್ಯಾಟರಿ, ಚಪ್ಪಲಿ ಗೂಡು ಎರಡೂ ಅಲ್ಲೇ ಎಂದು ಅವರು ಎಂದೋ ತೀರ್ಮಾನಿಸಿದ್ದರು. ನಕ್ಷೆ ತೋರಿಸುವ ದಿನ ಅವರ ಪಕ್ಕದಲ್ಲಿ ವಾಸ್ತು ಹೇಳುವ ಜಯಪ್ಪ ಬೇರೆ ಕೂತಿದ್ದ. ಜಯಪ್ಪ ಸಿದ್ದಯ್ಯನವರ ಹಳೆಯ ಶಿಷ್ಯ. ಗೊತ್ತಿಲ್ಲ ಸಾರ್ ಎಂದವರಿಗೆ ಆ ಕಾಲದಲ್ಲಿ ಬೆತ್ತದ ರುಚಿ ತೋರಿಸುತ್ತಿದ್ದರು ಮೇಷ್ಟ್ರು. ಜಯಪ್ಪನ ಕೂದಲು ನರೆತಿದ್ದರೂ ಅವರು ಪ್ರಶ್ನೆ ಕೇಳಿದ ಕೂಡಲೇ ಅವನ ಕಣ್ಣು ಅವರ ಬಲಗೈಗೆ ಹೋಗುತ್ತಿತ್ತು.

ಸಿದ್ದಯ್ಯನವರ ಬೆರಳು ನಕ್ಷೆಯ ಮೇಲೆ ಓಡಿ ಮೆಟ್ಟಿಲ ಕೆಳಗೆ ನಿಂತಿತು. ಇಲ್ಲೇನು, ಖಾಲಿ ಬಿಟ್ಟು ಬಾಗಿಲು ಇಟ್ಟಿದ್ದೀರಿ ಎಂದು ಕೇಳಿದರು. ಫರ್ಹೀನ್ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸಬೂಬುಗಳೆಲ್ಲ ಆ ಗಳಿಗೆಯಲ್ಲಿ ಮರೆತುಹೋದವು. ಬಾಯಿಗೆ ಬಂದದ್ದು ಬೇರೆ.

"ಅದು ಶೂನ್ಯ ಸ್ಥಾನ ಸರ್. ಜಯಪ್ಪನೋರಿಗೆ ಗೊತ್ತಿರುತ್ತೆ."

ಅಂಥದೊಂದು ಸ್ಥಾನ ಯಾವ ಶಾಸ್ತ್ರದಲ್ಲೂ ಇಲ್ಲ, ಜಯಪ್ಪ ಅದನ್ನು ಕೇಳಿದ್ದೂ ಇಲ್ಲ. ಮೇಷ್ಟ್ರು ತಿರುಗಿ ಅವನ ಮುಖ ನೋಡಿದರು. ಜಯಪ್ಪ ಅವರ ಬಲಗೈ ನೋಡಿದ. ಗೊತ್ತು ಸಾರ್, ಹಳೇ ಗ್ರಂಥದಲ್ಲಿದೆ, ಈಗಿನವರಿಗೆ ಯಾರಿಗೂ ತಿಳಿಯದು, ಮೇಡಂ ಬಹಳ ಓದಿದ್ದಾರೆ ಎಂದುಬಿಟ್ಟ. ಖಾಲಿ ಬಿಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವನು ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, ಯಜಮಾನರ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆಯಾಗುತ್ತೆ ಸಾರ್ ಎಂದ. ಬ್ಯಾಟರಿ ಮತ್ತು ಚಪ್ಪಲಿ ಅಂದೇ ಹೊರಗಿನ ಜಗಲಿಗೆ ವರ್ಗವಾದವು. ಒಕ್ಕಲಿನ ದಿನದವರೆಗೆ ಯಜಮಾನರು ಅದರೊಳಗೆ ಇಣುಕಬಾರದು ಎಂಬ ನಿಯಮವನ್ನು ಜಯಪ್ಪ ತಾನೇ ಸೇರಿಸಿದ. ಫರ್ಹೀನ್ ಅದನ್ನು ಕೇಳಿಯೂ ಇರಲಿಲ್ಲ. ಸುಳ್ಳು ಹೇಳುವ ಹುರುಪು ಅವನಿಗೂ ಹತ್ತಿತ್ತು.

ಹಾಗೆ ಉಳಿದಿದ್ದರೆ ಯಾರ ಭಯವೂ ಇರಲಿಲ್ಲ. ಆದರೆ ಸಾವಿತ್ರಮ್ಮ ಸುಮ್ಮನಿರುವವರಲ್ಲ. ಮೊದಲು ಕೂರುವುದಕ್ಕೊಂದು ಕಟ್ಟೆ ಎಂದರು. ಆಮೇಲೆ ಕಟ್ಟೆಯ ಮೇಲೆ ಮೆತ್ತೆ, ಗೋಡೆಗೆ ಸಣ್ಣ ಫ್ಯಾನು, ಹೊರಗಿನ ಸಂಪಿಗೆ ಗಿಡ ಕಾಣುವ ಹಾಗೆ ಒಂದು ಗೇಣು ಕಿಟಕಿ. ಶೂನ್ಯದಲ್ಲಿ ಇಷ್ಟೊಂದು ಸಾಮಾನು ಇರುವುದಿಲ್ಲಮ್ಮ, ಸಿಕ್ಕಿಬೀಳುತ್ತೇವೆ ಎಂದು ಫರ್ಹೀನ್ ಗೋಗರೆದರೆ, ಗೋಪಾಳದವರಿಗೆ ನಿನ್ನ ಫೋನ್ ನಂಬರು ಕೊಡ್ಲಾ ಎಂದು ಕೇಳುತ್ತಿದ್ದರು. ಫರ್ಹೀನ್ ಹಲ್ಲು ಕಚ್ಚಿಕೊಂಡು ಫ್ಯಾನು ಹಾಕಿಸಿದಳು. ನಿಜ ಹೇಳಬೇಕೆಂದರೆ, ಆ ಇಡೀ ಮನೆಯಲ್ಲಿ ಅವಳು ಅತಿ ಪ್ರೀತಿಯಿಂದ ಮಾಡಿದ್ದು ಅದೊಂದೇ. ಕಟ್ಟೆಯ ಎತ್ತರ ಸರಿಯಿದೆಯೇ ನೋಡುವುದಕ್ಕೆ ಒಮ್ಮೆ ಒಳಗೆ ಕೂತವಳು, ಬಡಗಿ ಬಂದು ಬಾಗಿಲು ತಟ್ಟುವವರೆಗೂ ಏಳಲಿಲ್ಲ.

ಗೃಹಪ್ರವೇಶ ಬಂತು. ಜೀವನದಲ್ಲಿ ಮೊದಲ ಸಲ ಫರ್ಹೀನ್ ಕಾರ್ಡು ಹಿಡಿದುಕೊಂಡು ಒಂದು ಒಕ್ಕಲಿಗೆ ಹೋದಳು, ಹೋಗಿ ಪಶ್ಚಾತ್ತಾಪಪಟ್ಟಳು. ಸಿದ್ದಯ್ಯನವರು ಅವಳನ್ನು ಹಾಲಿನ ನಡುವೆ ಕುರ್ಚಿ ಹಾಕಿ ಕೂರಿಸಿ, ಬಂದವರಿಗೆಲ್ಲ ಇವರೇ ನಮ್ಮ ಡಿಸೈನರು ಎಂದು ಪರಿಚಯಿಸಿದರು. ಬಂದವರೆಲ್ಲ ಬಹಳ ಚೆನ್ನಾಗಿದೆ ಎಂದರು. ಅವರು ಮೆಟ್ಟಿಲು ಹತ್ತುವುದು ಕಾಣುತ್ತಿತ್ತು, ಅಲ್ಲಿ ಬಾಯಿ ಆಡುವುದೂ ಕಾಣುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅವಳಿಗೆ ಹೊಟ್ಟೆ ಉರಿದುಹೋಯಿತು. ಅದಕ್ಕೂ ಮಿಗಿಲಾಗಿ, ಯಾವ ಗುಂಪು ಆ ಸಣ್ಣ ಬಾಗಿಲ ಹತ್ತಿರ ಸುಳಿದರೂ ಅವಳು ಕುರ್ಚಿಯಿಂದ ಅರ್ಧ ಏಳುತ್ತಿದ್ದಳು.

ಕೊನೆಗೆ ಅಲ್ಲಿಗೆ ಬಂದವರು ಸುಭದ್ರಮ್ಮ, ಸಿದ್ದಯ್ಯನವರ ಅಕ್ಕ. ಹೊಳೆಹೊನ್ನೂರಿನಿಂದ ಬೆಳಿಗ್ಗೆಯೇ ಬಂದಿಳಿದಿದ್ದ ಈ ಮುದುಕಿ ತೆಗೆಯದ ಬಾಗಿಲಿಲ್ಲ. ತಮ್ಮನ ಮೇಲೆ ಇನ್ನೂ ಅಧಿಕಾರ ನಡೆಸುತ್ತಿದ್ದ ಜೀವ ಅದೊಂದೇ. ಹಿಂದೆ ನೆಂಟರ ಅರ್ಧ ದಂಡು. ಆ ಬಾಗಿಲ ಮುಂದೆ ನಿಂತು ಇದೇನೋ ಎಂದು ಕೇಳಿದರು. ಸಿದ್ದಯ್ಯನವರು ಗಂಟಲು ಸರಿಮಾಡಿಕೊಂಡು, ಇಡೀ ಜಿಲ್ಲೆಯಲ್ಲಿ ಎಲ್ಲೂ ಇಲ್ಲದ ಶೂನ್ಯ ಸ್ಥಾನದ ಬಗ್ಗೆ ತರಗತಿ ತೆಗೆದುಕೊಂಡರು. ಏನೂ ಇರುವುದಿಲ್ಲ, ಅದೇ ಅದರ ಮಹಿಮೆ ಎಂದು ಮುಗಿಸಿ ಬಾಗಿಲು ತೆಗೆದರು.

ಒಳಗೆ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಕಟ್ಟೆಯ ಮೇಲೆ ಹಸಿರು ಮೆತ್ತೆ. ಕಿಟಕಿಯಲ್ಲಿ ಸಂಪಿಗೆ.

ಸಿದ್ದಯ್ಯನವರು ಬಹಳ ಹೊತ್ತು ನೋಡಿದರು. ಆಮೇಲೆ ಜಯಪ್ಪನನ್ನು ಹುಡುಕಿದರು. ಅವನು ಕೈಯಲ್ಲಿ ಅರ್ಧ ಹೋಳಿಗೆ ಹಿಡಿದು ಕಂಬದ ಮರೆಗೆ ಸರಿಯುತ್ತಿದ್ದ. ಶೂನ್ಯದಲ್ಲಿ ಫ್ಯಾನ್ ಯಾಕೆ ಎಂದು ಮೇಷ್ಟ್ರು ಕೇಳಿದರು. ವಾಯು ತತ್ವ ಸಾರ್ ಎಂದ. ಮೆತ್ತೆ? ಭೂಮಿ ತತ್ವ ಸಾರ್. ಕಿಟಕಿ ಆಕಾಶಕ್ಕೆ ಹೋಯಿತು. ಸಿದ್ದಯ್ಯನವರು ಬಾಗಿಲ ಒಳಮೈ ಸವರಿ ಹಿತ್ತಾಳೆಯ ಚಿಲಕ ಮುಟ್ಟಿದರು.

"ಒಳಗಡೆ ಚಿಲಕ ಯಾಕೋ ಜಯಪ್ಪ?"

ಉಳಿದ ತತ್ವಗಳು ಚಿಲಕಕ್ಕೆ ಒಗ್ಗುವಂತಿರಲಿಲ್ಲ. ಜಯಪ್ಪ ಹೋಳಿಗೆ ನುಂಗಿದ. ಸಿದ್ದಯ್ಯನವರು ನಿಧಾನವಾಗಿ ಫರ್ಹೀನ್‌ಳ ಕಡೆ ತಿರುಗಿದರು. ನೆಂಟರೆಲ್ಲ ತಿರುಗಿದರು. ತನ್ನ ಮೊದಲ ಮನೆ, ತನ್ನ ಹೆಸರು, ಎಲ್ಲವೂ ಆ ಗೇಣುದ್ದ ಚಿಲಕಕ್ಕೆ ಜೋತುಬಿದ್ದಿರುವುದು ಅವಳಿಗೆ ಗೊತ್ತಿತ್ತು. ಗುಂಪಿನ ಹಿಂದೆ ಸಾವಿತ್ರಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಾ ನಿಂತಿದ್ದರು. ಅವರು ಯಾವ ಫೋನ್ ನಂಬರಿನ ಮಾತೂ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಅವರ ಮುಖ ನೋಡಿ ಫರ್ಹೀನ್‌ಗೆ ಸಂಕಟವಾಯಿತು. ಹೋದರೆ ಹೋಗಲಿ, ತನ್ನ ತಲೆಯ ಮೇಲೇ ಹಾಕಿಕೊಳ್ಳೋಣವೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಸುಭದ್ರಮ್ಮ ತಮ್ಮನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು.

ಎಲ್ಲರೂ ಕಾದರು. ಅಡುಗೆ ಭಟ್ಟರು ಬಂದು ಎರಡನೇ ಪಂಕ್ತಿ ಕೂರಿಸಬಹುದಾ ಎಂದು ಕೇಳಿ, ಅವರೂ ಬಾಗಿಲು ನೋಡುತ್ತಾ ನಿಂತರು. ಒಳಗಿನಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಕ್ಕಾ ಎಂದು ಸಿದ್ದಯ್ಯನವರು ಕರೆದರು, ಮತ್ತೆ ಕರೆದರು. ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು. ಸುಭದ್ರಮ್ಮನ ಮುಖ ನಿದ್ದೆಯಿಂದೆದ್ದ ಮಗುವಿನ ಹಾಗೆ ಇತ್ತು.

"ಎಂಬತ್ತು ವರ್ಷಕ್ಕೆ ಒಂದ್ ಗಳಿಗೆ ಸುಮ್ನೆ ಕೂತೆ ಕಣೋ ಸಿದ್ದ" ಎಂದರು. "ಇದನ್ನ ಮಾಡ್ಸಿದ್ದು ಯಾರು?"

ಫರ್ಹೀನ್ ಸಿದ್ದಯ್ಯನವರನ್ನು ನೋಡಿದಳು. ಅವರು ಅಕ್ಕನನ್ನು ನೋಡಿದರು, ಬಾಯಿ ಬಿಟ್ಟುಕೊಂಡು ನಿಂತ ನೆಂಟರನ್ನು ನೋಡಿದರು, ಎದೆ ಉಬ್ಬಿಸಿದರು.

"ನಾನೇ ಹೇಳಿ ಮಾಡ್ಸಿದ್ದು" ಎಂದರು. ಒಳಗಿರುವವರನ್ನು ಯಾರೂ ಕರೆಯುವಂತಿಲ್ಲ, ಬಾಗಿಲು ತಟ್ಟುವಂತಿಲ್ಲ, ತಟ್ಟಿದರೆ ಶೂನ್ಯಕ್ಕೆ ಭಂಗ, ಚಿಲಕ ಇಟ್ಟಿರುವುದೇ ಅದಕ್ಕೆ ಎಂದು ವಿವರಣೆಯನ್ನೂ ಕೊಟ್ಟರು. ಜಯಪ್ಪ ಜೋರಾಗಿ ತಲೆಯಾಡಿಸಿದ. ತನಗೆ ಸಿಗಬೇಕಾದ ಹೆಸರು ಕಣ್ಣೆದುರೇ ಮೇಷ್ಟ್ರ ಜೇಬಿಗೆ ಹೋದದ್ದು ನೋಡಿ ಫರ್ಹೀನ್‌ಗೆ ಸ್ವಲ್ಪ ಕೋಪ ಬಂತು. ಕುರ್ಚಿಯಲ್ಲಿ ಹಿಂದಕ್ಕೊರಗಿ ಉಸಿರು ಬಿಟ್ಟಮೇಲೆ ಕೋಪ ಇಳಿಯಿತು.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಆ ಸಣ್ಣ ಬಾಗಿಲ ಮುಂದೆ ಹೆಂಗಸರ ಸಾಲು ನಿಂತಿತು. ಒಬ್ಬೊಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದು, ಬಂದು ಸೀದಾ ಊಟಕ್ಕೆ ಹೋಗುವುದು. ಬಚ್ಚಲಿನ ಸಾಲೆಂದು ತಿಳಿದು ಇಬ್ಬರು ಗಂಡಸರೂ ಬಂದು ನಿಂತಿದ್ದರು, ಅವರನ್ನು ಸುಭದ್ರಮ್ಮ ಓಡಿಸಿದರು. ಹೊರಗೆ ಬಂದವರಲ್ಲಿ ಕೆಲವರು ಫರ್ಹೀನ್‌ಳ ಕುರ್ಚಿಯ ಹತ್ತಿರ ಬಗ್ಗಿ, ಹಾಲಿನಲ್ಲಿ ಮಾತಾಡುವ ದನಿಯಲ್ಲಲ್ಲ, ಮೆಟ್ಟಿಲ ಮೇಲಿನ ದನಿಯಲ್ಲಿ, ನಮ್ಮನೇಲೂ ಮೆಟ್ಲು ಕೆಳಗೆ ಜಾಗ ಇದೆ ಎಂದು ಹೇಳಿಹೋದರು.

ಎರಡನೇ ಪಂಕ್ತಿ ಕೂತಿತು. ಬಡಿಸುವವರು ಸಾಲದೆ ಗಲಾಟೆ ಶುರುವಾಯಿತು. ಸಿದ್ದಯ್ಯನವರು ಸಾವಿತ್ರೀ ಎಂದು ಕರೆದರು. ಅಡುಗೆಮನೆಗೆ ಹೋದರು, ಮಹಡಿಗೆ ಹೋದರು, ಮತ್ತೆ ಸಾವಿತ್ರೀ ಎಂದರು. ಕೊನೆಗೆ ಮೆಟ್ಟಿಲ ಕೆಳಗಿನ ಬಾಗಿಲಿಗೆ ಬಂದು ತಟ್ಟುವುದಕ್ಕೆ ಕೈಯೆತ್ತಿದರು. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ಎತ್ತಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ತಲೆ ಕೆರೆದುಕೊಂಡು ಕೆಳಗಿಳಿಯಿತು.

"ಕೂತಿದೀನಿ" ಎಂದಿತು ಒಳಗಿನಿಂದ ಸಾವಿತ್ರಮ್ಮನ ದನಿ, ಯಾವ ಆತುರವೂ ಇಲ್ಲದೆ. "ಆಮೇಲೆ ಬರ್ತೀನಿ."

ಫರ್ಹೀನ್ ನಗಬೇಕೆಂದಿದ್ದಳು, ಕಣ್ಣು ಒದ್ದೆಯಾಯಿತು. ಸಿದ್ದಯ್ಯನವರು ನೀರಿನ ಜಗ್ಗು ಎತ್ತಿಕೊಂಡು ಪಂಕ್ತಿಯ 
ಕಡೆ ಹೊರಟರು. ಲೋಟಗಳು ಎಲ್ಲಿವೆಯೆಂದು ಅವರಿಗೆ ಗೊತ್ತಿರಲಿಲ್ಲ, ಹುಡುಕಿಕೊಂಡರು.